ಎರಡು ಹಳೇ ಚಿಪ್ಪಿನಲ್ಲಿ ‘ರೈಡೀನ್’ ನುಡಿಸಿದ್ದು: ನನ್ನ ಅನುಭವ

ಎರಡು ವರ್ಷದಿಂದ ಮೇಜಿನ ಮೇಲೆ ಬಿದ್ದಿದ್ದ ಬ್ರೆಡ್‌ಬೋರ್ಡ್ ಕೊನೆಗೂ ಹಾಡಿತು. ಹಳೇ ವಿಡಿಯೊ ಗೇಮ್‌ಗಳಲ್ಲಿ ದನಿ ಹೊರಡಿಸುತ್ತಿದ್ದ ಎಸ್‌ಎನ್76489 ಚಿಪ್ ಎರಡು, ಅವಕ್ಕೆ ಅಪ್ಪಣೆ ಕೊಡುವ ಪುಟ್ಟ ಬೋರ್ಡ್ ಆರ್ಡುಯಿನೊ ನ್ಯಾನೊ ಒಂದು, ದನಿ ಜೋರು ಮಾಡುವ ಎಲ್‌ಎಂ386 ಒಂದು. ಇಷ್ಟರಲ್ಲೇ ‘ರೈಡೀನ್’ ಹಾಡು ಪೂರ್ತಿ ಬಂತು. ಬೇಸ್ ಇದೆ, ಡ್ರಮ್ ಇದೆ, ಕುದುರೆ ಓಟದ ಹಾಗಿರುವ ಆ ತಾಳವೂ ಇದೆ. ಇದು ಆಗಲ್ಲ ಅಂದವರು ಮೂವರು. ಮೂವರನ್ನೂ ಮನೆಗೆ ಕರೆದು ಕೇಳಿಸಿದ್ದೇನೆ. ಈಗ ಧೈರ್ಯವಾಗಿ ಬರೆಯಬಹುದು.

ಈ ಹಾಡು ಯಾಕೆ ಅಂತ ಕೇಳುವವರಿಗೆ ಎರಡು ಮಾತು. ಜಪಾನಿನ ಯೆಲ್ಲೊ ಮ್ಯಾಜಿಕ್ ಆರ್ಕೆಸ್ಟ್ರಾದ 1979ರ ಹಾಡು ಇದು. ಸಂಯೋಜನೆ ಯುಕಿಹಿರೊ ತಕಹಾಶಿ ಅವರದು. 1982ರಲ್ಲಿ ಸೆಗಾ ತನ್ನ ‘ಸೂಪರ್ ಲೋಕೊಮೋಟಿವ್’ ಅನ್ನೋ ರೈಲು ಓಡಿಸುವ ಆರ್ಕೇಡ್ ಆಟಕ್ಕೆ ಇದನ್ನೇ ಹಿನ್ನೆಲೆ ಸಂಗೀತ ಮಾಡಿತು. ಆ ಬೋರ್ಡಿನಲ್ಲಿ ಇದ್ದದ್ದು ಇದೇ ಕುಟುಂಬದ ಎರಡು ಚಿಪ್. ನಾನು ಅದನ್ನು ಮೊದಲು ಕೇಳಿದ್ದು ಹಳೇ ಆರ್ಕೇಡ್ ಆಟಗಳನ್ನು ಕಂಪ್ಯೂಟರಿನಲ್ಲಿ ಆಡಿಸುವ ಮೇಮ್ ಎಮ್ಯುಲೇಟರ್‌ನಲ್ಲಿ. ಆಟ ಆಡುವುದು ಬಿಟ್ಟು ಸುಮ್ನೆ ಹಾಡು ಕೇಳುತ್ತಾ ಕೂತಿದ್ದೆ. ದೊಡ್ಡ ದೊಡ್ಡ ಸಿಂಥಸೈಜರ್‌ಗಳಲ್ಲಿ ಹುಟ್ಟಿದ ಹಾಡು ಚೌಕದ ಅಲೆಗಳಲ್ಲಿ ಇಷ್ಟು ಗಟ್ಟಿಯಾಗಿ ನಿಲ್ಲುತ್ತದಲ್ಲ ಅಂತ ಆಶ್ಚರ್ಯ. 2023ರ ಜನವರಿಯಲ್ಲಿ ತಕಹಾಶಿ ತೀರಿಕೊಂಡರು. ಮಾರ್ಚಿನಲ್ಲಿ ಅದೇ ತಂಡದ ರ್ಯೂಯಿಚಿ ಸಕಮೊಟೊ ಕೂಡ ಹೋದರು. ಆ ಸುದ್ದಿ ಕೇಳಿದ ದಿನವೇ ಚಿಪ್ಪಿಗೆ ಆರ್ಡರ್ ಹಾಕಿದೆ.

ಮೊದಲ ದುಡ್ಡು ಅಲ್ಲೇ ಹೋಯಿತು. ಹೊರದೇಶದಿಂದ ಐದು ಚಿಪ್ ತರಿಸಿದೆ. ಸಾಗಾಟ ಸೇರಿ ಸುಮಾರು 1,500 ರೂಪಾಯಿ. ಬರಲು ಒಂದೂವರೆ ತಿಂಗಳು. ಐದರಲ್ಲಿ ಎರಡು ಸತ್ತವು. ಮೇಲಿನ ಹೆಸರನ್ನು ಉಜ್ಜಿ ಹೊಸದಾಗಿ ಅಚ್ಚು ಹಾಕಿದ್ದರು. ಅಸಿಟೋನ್ ಹಚ್ಚಿ ಒರೆಸಿದಾಗ ಬಣ್ಣ ಹತ್ತಿಗೆ ಬಂತು. ನೀವೂ ತರಿಸುವುದಾದರೆ ಬೇಕಾದ್ದಕ್ಕಿಂತ ಎರಡು ಜಾಸ್ತಿ ತರಿಸಿ. ಉಳಿದ ಸಾಮಾನೆಲ್ಲ ಬೆಂಗಳೂರಿನ ಎಸ್‌ಪಿ ರೋಡಿನದು: ಚಿಪ್ಪಿಗೆ ಗಡಿಯಾರವಾಗುವ 4 ಮೆಗಾಹರ್ಟ್ಸ್ ಆಸಿಲೇಟರ್, ಎರಡನೇ ಚಿಪ್ಪಿಗೆ ಅದನ್ನು ಅರ್ಧ ಮಾಡಿ 2 ಕೊಡಲು ಒಂದು 74ಎಚ್‌ಸಿ74, ಚಿಪ್ಪುಗಳಿಗೆ ಬೈಟ್ ತಲುಪಿಸಲು ಎರಡು 74ಎಚ್‌ಸಿ595, ಸ್ಪೀಕರ್. ಎಲ್ಲಾ ಸೇರಿ 900 ದಾಟಲಿಲ್ಲ.

ಆಮೇಲೆ ಎರಡು ಸಂಜೆ ಬರೀ ಕಿರುಚಾಟ. ಈ ಚಿಪ್ಪಿನ ಡೇಟಾಶೀಟಿನಲ್ಲಿ ಡಿ0 ಅಂದರೆ ಎಲ್ಲಕ್ಕಿಂತ ದೊಡ್ಡ ಬಿಟ್. ನಾವೆಲ್ಲ ರೂಢಿಯಲ್ಲಿ ಡಿ0 ಅಂದರೆ ಚಿಕ್ಕದು ಅಂದುಕೊಂಡು ವೈರ್ ಹಾಕುತ್ತೇವೆ, ಅಲ್ವಾ? ಎಂಟು ವೈರ್ ತಿರುಗಿಸಿ ಹಾಕಿದ ಮೇಲೆ ಮೊದಲ ಸಾ ಕೇಳಿಸಿತು. ಕರೆಂಟ್ ಕೊಟ್ಟ ತಕ್ಷಣ ಚಿಪ್ ತಾನಾಗೇ ಕೂಗುತ್ತದೆ. ಅದು ಕೆಟ್ಟಿದ್ದಲ್ಲ. ಕೋಡ್ ಶುರುವಾಗುವಾಗಲೇ ನಾಲ್ಕೂ ಚಾನೆಲ್ಲಿಗೆ, ಅಂದರೆ ಮೂರು ಟೋನ್ ಮತ್ತು ಒಂದು ನಾಯ್ಸ್ (ಗರಗರ ಸದ್ದು), ದನಿಯ ಅಂಕಿ 15 ಬರೆದು ಬಾಯಿ ಮುಚ್ಚಿಸಬೇಕು.

ನಿಜವಾದ ಜಗಳ ಶುರುವಾಗಿದ್ದು ಸ್ವರ ತುಂಬುವಾಗ. ಎಲ್ಲರ ಹಾಗೆ ನಾನೂ ಆ ಹಾಡಿನ ಸ್ವರಗಳನ್ನು ದಾಖಲಿಸಿದ ಒಂದು ಮಿಡಿ ಫೈಲ್ ತೆಗೆದುಕೊಂಡು ಪೈಥಾನ್‌ನಲ್ಲಿ ಬದಲಾಯಿಸಿ ಹಾಕಿದೆ. ಹಾಡು ಗುರುತು ಸಿಕ್ಕಿತು, ಅಷ್ಟೇ. ಕುದುರೆ ಕುಂಟುತ್ತಿತ್ತು. ಕಾರಣ ಎರಡು. ಆ ಫೈಲನ್ನು ಯಾರೋ ಕೀಬೋರ್ಡಿನಲ್ಲಿ ನುಡಿಸಿ ಹಿಡಿದಿದ್ದರು, ಸ್ವರಗಳು ಒಂದು ಚೂರು ಹಿಂದೆ ಮುಂದೆ ಇದ್ದವು. ಇನ್ನೊಂದು ದೊಡ್ಡ ಕಾರಣ ಈ ಚಿಪ್ಪಿಗೆ ಸ್ವರದ ಆರಂಭ ಅನ್ನುವುದೇ ಇಲ್ಲ. ಪಿಯಾನೋದಲ್ಲಿ ಒಂದೇ ಸ್ವರ ಎರಡು ಸಲ ಒತ್ತಿದರೆ ಎರಡು ಏಟು ಕೇಳುತ್ತದೆ. ಇಲ್ಲಿ ನಡುವೆ ಮೌನ ಇಡದಿದ್ದರೆ ಎರಡೂ ಅಂಟಿಕೊಂಡು ಒಂದೇ ಉದ್ದ ಪೀಂ ಆಗುತ್ತದೆ.

ಆಗ ನನಗೆ ನೆನಪಾಗಿದ್ದು ರೋಲ್ಯಾಂಡ್ ಎಂಸಿ-8, ಸಿಂಥಸೈಜರ್‌ಗಳನ್ನು ತಾನೇ ನುಡಿಸುವ ಹಳೇ ಸೀಕ್ವೆನ್ಸರ್ ಯಂತ್ರ. ಯೆಲ್ಲೊ ಮ್ಯಾಜಿಕ್ ಆರ್ಕೆಸ್ಟ್ರಾದ ಜೊತೆ ಹಿಡೆಕಿ ಮಾತ್ಸುತಾಕೆ ಆ ಯಂತ್ರ ನಡೆಸುತ್ತಿದ್ದರು. ಅದರಲ್ಲಿ ಸಂಗೀತವನ್ನು ನುಡಿಸುವುದಲ್ಲ, ಅಂಕಿಯಾಗಿ ಒತ್ತುವುದು. ಪ್ರತಿ ಸ್ವರಕ್ಕೆ ಮೂರು ಅಂಕಿ: ಶ್ರುತಿ, ಮುಂದಿನ ಸ್ವರಕ್ಕೆ ಎಷ್ಟು ಹೊತ್ತು, ಅದರಲ್ಲಿ ದನಿ ಎಷ್ಟು ಹೊತ್ತು. ಈ ಮೂರನೆಯದೇ ಗೇಟ್. ಆ ಹಾಡಿನ ಚುರುಕು ಇರುವುದು ಗೇಟಿನಲ್ಲಿ ಅಂತ ನನಗೆ ಖಾತ್ರಿಯಾಯಿತು. ಮಿಡಿ ಫೈಲ್ ಅಳಿಸಿ ಹಾಕಿದೆ. ಕಿವಿಯಲ್ಲಿ ಕೇಳಿ, ಮೂರು ಮೂರು ಅಂಕಿ ಕೈಯಲ್ಲೇ ಬರೆಯಲು ಕೂತೆ. ಸುಮಾರು 1,100 ಸ್ವರ. ಏಳೆಂಟು ಭಾನುವಾರ ಹಿಡಿಯಿತು.

ಇಲ್ಲೇ ಗೆಳೆಯರು ತಲೆ ಅಲ್ಲಾಡಿಸಿದ್ದು. ಹಾಡು ಒಂದೊಂದು ಹೆಜ್ಜೆ ಮುಂದೆ ಹೋಗುವ ಬಡಿತವೇ ಟಿಕ್. ನಾನು ಅದನ್ನು ಸೆಕೆಂಡಿಗೆ 60ಕ್ಕೆ ಕಟ್ಟಿದ್ದೆ. ಆ ಕಾಲದ ಎಷ್ಟೋ ಆಟಗಳಲ್ಲಿ ಸಂಗೀತ ಪರದೆಯ ಫ್ರೇಮಿನ ಜೊತೆಗೇ ಹೆಜ್ಜೆ ಹಾಕುತ್ತಿತ್ತು, ಅದಕ್ಕೆ. “ಗುರು, ನಿನ್ನ ಹತ್ರ ಒಂದು ಮಿಲಿಸೆಕೆಂಡಿನ ಟೈಮರ್ ಇದೆ. 60ಕ್ಕೆ ಯಾಕೆ ಕಾಲು ಕಟ್ಕೋತೀಯ? ವೇಗವೇ ಸರಿ ಕೂರಲ್ಲ” ಅಂದ ಒಬ್ಬ. ಲೆಕ್ಕದಲ್ಲಿ ಅವನದು ಸರಿ. ಬಡಿತದ ಕಾಲು ಪಾಲಿನ ಸ್ವರಕ್ಕೆ 6 ಟಿಕ್ ಕೊಟ್ಟರೆ ನಿಮಿಷಕ್ಕೆ 150 ಬಡಿತ. 7 ಕೊಟ್ಟರೆ 128 ಚಿಲ್ಲರೆ. ನನಗೆ ಬೇಕಿದ್ದದ್ದು 138ರ ಹತ್ತಿರ. ನಡುವೆ ಏನೂ ಇಲ್ಲ.

ಹಾಗಾಗಿ ಒಂದಕ್ಕೆ 7, ಮುಂದಿನದಕ್ಕೆ 6 ಕೊಟ್ಟೆ. ಎರಡೂ ಸೇರಿ 13 ಟಿಕ್, ವೇಗ 138.5. ಅದಷ್ಟೇ ಅಲ್ಲ. ಒಂದು ಉದ್ದ, ಒಂದು ಗಿಡ್ಡ ಆದದ್ದರಿಂದ ತಾಳಕ್ಕೆ ತಾನಾಗಿ ಒಂದು ನೆಗೆತ ಬಂತು. ಕುಂಟುತ್ತಿದ್ದ ಕುದುರೆ ಓಡತೊಡಗಿತು. ಗೇಟ್ ಮುಖ್ಯ ಸ್ವರಕ್ಕೆ 4 ಟಿಕ್, ಹಿನ್ನೆಲೆಯ ಟಕಟಕಕ್ಕೆ 2. ಆ ರಾತ್ರಿ ಹತ್ತು ಸಲವಾದರೂ ಕೇಳಿರಬೇಕು. ನ್ಯಾಯವಾಗಿ ಪರೀಕ್ಷೆ ಮಾಡಬೇಕು ಅಂತ ಸೆಕೆಂಡಿಗೆ 1,000 ಟಿಕ್ಕಿನಲ್ಲೂ ಅದೇ ಹಾಡು ಹಾಕಿ ನೋಡಿದೆ. ವೇಗ ಕರಾರುವಾಕ್ಕು, ದನಿ ಇಳಿಯುವುದು ನುಣುಪು. ಆದರೆ ಹಳೇ ಮೊಬೈಲಿನ ರಿಂಗ್‌ಟೋನ್ ಆಗಿಬಿಟ್ಟಿತು. ಚಿಪ್ಪಿನ ದನಿಗೆ 2 ಡೆಸಿಬಲ್ಲಿನ ಮೆಟ್ಟಿಲು. ಆ ಮೆಟ್ಟಿಲನ್ನು ಸೆಕೆಂಡಿಗೆ 60ರ ಹಾಗೆ ಇಳಿದಾಗಲೇ ಆರ್ಕೇಡಿನ ಆ ಒರಟು ಬರುವುದು. ಇದನ್ನು ಕೇಳಿದ ಮೇಲೆ ಆ ಗೆಳೆಯ ಟೈಮರಿನ ಮಾತು ಎತ್ತಿಲ್ಲ.

ಬೇಸ್ ಇನ್ನೊಂದು ಕಥೆ. 4 ಮೆಗಾಹರ್ಟ್ಸಿನಲ್ಲಿ ಈ ಚಿಪ್ 122 ಹರ್ಟ್ಸಿಗಿಂತ ಕೆಳಗೆ ಇಳಿಯಲ್ಲ. 2ರಲ್ಲಿ 61. ಅದಕ್ಕೂ ಕೆಳಗೆ ಹೋಗಲು ಈ ಚಿಪ್ ಬಳಸುವವರ ಹಳೇ ಉಪಾಯ ಒಂದಿದೆ: ನಾಯ್ಸ್ ಚಾನೆಲ್ಲನ್ನು ಪೀರಿಯಾಡಿಕ್ ಮಾಡಿ, ಅಂದರೆ ಒಂದೇ ಅಲೆ ಮತ್ತೆ ಮತ್ತೆ ಬರುವ ಹಾಗೆ ಮಾಡಿ, ಮೂರನೇ ಟೋನಿನಿಂದ ಓಡಿಸುವುದು. ನಾಯ್ಸಿನ ಶಿಫ್ಟ್ ರಿಜಿಸ್ಟರ್, ಅಂದರೆ ಬಿಟ್‌ಗಳು ಸುತ್ತುವ ಸಾಲು, 16 ಬಿಟ್ಟಿನದು ಅಂದುಕೊಂಡು ನಾನು 16ರಿಂದ ಭಾಗಿಸಿ ಪಟ್ಟಿ ಮಾಡಿದೆ. 55 ಹರ್ಟ್ಸಿಗೆ ಡಿವೈಡರ್, ಅಂದರೆ ಗಡಿಯಾರವನ್ನು ಭಾಗಿಸಿ ಶ್ರುತಿ ಕೊಡುವ ಅಂಕಿ, 142 ಬಂತು. ನುಡಿಸಿದರೆ ಬೇಸ್ ಪೂರ್ತಿ ಅರ್ಧ ಸ್ವರ ಮೇಲೆ! ಮೂರು ವಾರ ನನ್ನ ಕಿವಿಯನ್ನೇ ಅನುಮಾನಿಸಿದೆ, ಆಸಿಲೇಟರ್ ಬದಲಿಸಿದೆ, ಗೆಳೆಯನ ಆಸಿಲೋಸ್ಕೋಪ್ ತಂದೆ. ಕೊನೆಗೆ ಗೊತ್ತಾಯಿತು. 16 ಬಿಟ್ಟಿನ ಶಿಫ್ಟ್ ರಿಜಿಸ್ಟರ್ ಇರುವುದು ಸೆಗಾ ಮಾಸ್ಟರ್ ಸಿಸ್ಟಮ್ಮಿನ ಒಳಗೆ ಸೇರಿಸಿದ ನಕಲಿನಲ್ಲಿ. ಟೆಕ್ಸಸ್ ಇನ್‌ಸ್ಟ್ರುಮೆಂಟ್ಸಿನ ಮೂಲ ಚಿಪ್ಪಿನಲ್ಲಿ 15. ಹದಿನೈದರಿಂದ ಭಾಗಿಸಿದರೆ 55 ಹರ್ಟ್ಸಿಗೆ 151 ಅಥವಾ 152. ಹಾಕಿದೆ, ಕೂತಿತು. ಇದೊಂದೇ ವಿಷಯ ಗೊತ್ತಿದ್ದಿದ್ದರೆ ನನಗೆ ಒಂದು ತಿಂಗಳು ಉಳಿಯುತ್ತಿತ್ತು.

ಮತ್ತೆ ಟಿಕ್ಕಿಗೊಂದು ಚಟ್ ಚಟ್ ಸದ್ದು. ನಾಯ್ಸ್ ನಿಯಂತ್ರಣದ ಬೈಟನ್ನು ನಾನು ಪ್ರತಿ ಟಿಕ್ಕಿಗೂ ಬರೆಯುತ್ತಿದ್ದೆ. ಬರೆದಾಗಲೆಲ್ಲ ಶಿಫ್ಟ್ ರಿಜಿಸ್ಟರ್ ಮೊದಲಿಗೆ ಹೋಗುತ್ತದೆ. ಹಾಡಿನ ಶುರುವಿನಲ್ಲಿ ಒಂದೇ ಸಲ ಬರೆದು ಬಿಟ್ಟೆ, ಸರಿಹೋಯಿತು. ಈ ಬೇಸ್ ತೆಳ್ಳಗಿರುತ್ತದೆ, ತಂತಿ ಮೀಟಿದ ಹಾಗೆ. ಹದಿನೈದರಲ್ಲಿ ಒಂದೇ ಪಾಲು ಮೇಲಿರುವ ಅಲೆ ತಾನೆ. ಅದಕ್ಕೆ ಪೂರ್ತಿ ದನಿ ಕೊಟ್ಟು ಉಳಿದವರನ್ನು ಎರಡು ಮೂರು ಮೆಟ್ಟಿಲು ಇಳಿಸಿ.

ಕೊನೆಯ ಹಂಚಿಕೆ ಹೀಗೆ. 4 ಮೆಗಾಹರ್ಟ್ಸಿನ ಚಿಪ್ಪಿನಲ್ಲಿ ಮುಖ್ಯ ರಾಗ ಎರಡು ಚಾನೆಲ್ ಮತ್ತು ಬೇಸ್. 2ರ ಚಿಪ್ಪಿನಲ್ಲಿ ಎರಡು ಜೊತೆ ಸ್ವರ, ಡ್ರಮ್ಮಿನ ಕಿಕ್ ಮತ್ತು ಸ್ನೇರ್. ಮುಖ್ಯ ರಾಗದ ಎರಡನೇ ಚಾನೆಲ್ಲಿಗೆ ಡಿವೈಡರಿನಲ್ಲಿ ಒಂದೇ ಒಂದು ಕೂಡಿಸಿ. 440 ಹರ್ಟ್ಸಿನಲ್ಲಿ ಸೆಕೆಂಡಿಗೆ ಒಂದೂವರೆ ಸಲ ಅಲೆಯಾಡುತ್ತದೆ, ದಪ್ಪ ದನಿ ಬರುತ್ತದೆ. 880ರಲ್ಲಿ ಅದೇ ಒಂದು ಕೂಡಿಸಿದರೆ ಆರು ಸಲ. 2 ಮೆಗಾಹರ್ಟ್ಸಿನ ಚಿಪ್ಪಾದರೆ ಹನ್ನೆರಡು, ಕಿವಿ ನೋಯುತ್ತದೆ. ಮೇಲಿನ ಸ್ವರಗಳಲ್ಲಿ ಕೂಡಿಸಬೇಡಿ. ಕಿಕ್ ಅಂದರೆ ಟೋನನ್ನು ಬೇಗ ಕೆಳಗೆ ಜಾರಿಸುವುದು. ಸ್ನೇರಿಗೆ ನಾಯ್ಸ್ ಜೊತೆ ನಾನು ಇನ್ನೊಂದನ್ನು ಸೇರಿಸಿದ್ದೇನೆ. ಅದರ ಅಂಕಿ ಇಲ್ಲಿ ಕೊಡುವುದಿಲ್ಲ. ನಾಲ್ಕು ತಿಂಗಳು ತಿಂದ ಪಟ್ಟಿ ಅದು, ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ನಡುವೆ ಬೇಸರ ಬಂದಾಗ ‘ಪೆಂಗೊ’ ಕಡೆ ಹೋದೆ. 1982ರ ಸೆಗಾ ಆಟ. ಅದರ ಮೊದಲ ಆವೃತ್ತಿಯಲ್ಲಿ ನುಡಿಯುವುದು ‘ಪಾಪ್‌ಕಾರ್ನ್’. 1969ರಲ್ಲಿ ಗೆರ್ಶೋನ್ ಕಿಂಗ್ಸ್‌ಲೀ ಮೂಗ್ ಸಿಂಥಸೈಜರಿಗೆ ಮಾಡಿದ ಹಾಡು, 1972ರಲ್ಲಿ ಹಾಟ್ ಬಟರ್ ತಂಡದಿಂದ ಜಗತ್ತಿಗೆಲ್ಲ ಗೊತ್ತಾದದ್ದು. ಆಮೇಲಿನ ಆವೃತ್ತಿಯಲ್ಲಿ ಅದನ್ನು ತೆಗೆದು ಬೇರೆ ಹಾಡು ಹಾಕಿದರು. ಪೆಂಗೊದಲ್ಲಿ ಇರುವುದು ಪ್ಯಾಕ್‌ಮ್ಯಾನ್ ತರಹದ ಮೂರು ದನಿಯ ವೇವ್‌ಟೇಬಲ್, ಅಂದರೆ ಅಲೆಯ ಆಕಾರವನ್ನೇ ಅಂಕಿಯ ಪಟ್ಟಿಯಾಗಿ ಇಟ್ಟು ನುಡಿಸುವುದು. ಒಂದು ಸುತ್ತಿಗೆ 32 ಸ್ಯಾಂಪಲ್, ತಲಾ 4 ಬಿಟ್. ರಾಸ್ಪ್‌ಬೆರಿ ಪೈ ಪಿಕೊ ಅನ್ನೋ ಪುಟ್ಟ ಬೋರ್ಡ್ ತಂದು, ಸುಮಾರು 400 ರೂಪಾಯಿ, ಸೆಕೆಂಡಿಗೆ 96,000 ಸ್ಯಾಂಪಲ್ ಹಾಕಿ ಅದನ್ನೇ ಕಟ್ಟಿದೆ. ಒಂದು ವಾರದಲ್ಲಿ ನುಡಿಯಿತು. ಒಂದು ಮಾತು ನೆನಪಿಡಿ. ಮೊದಲ ದನಿಗೆ 20 ಬಿಟ್ಟಿನ ಶ್ರುತಿ, ಉಳಿದೆರಡಕ್ಕೆ 16. ಅಂದರೆ ಅವೆರಡೂ ಸುಮಾರು ಒಂದೂವರೆ ಹರ್ಟ್ಸಿನ ಹೆಜ್ಜೆಯಲ್ಲೇ ನಡೆಯಬೇಕು. ಮೇಲಿನ ಸ್ವರಕ್ಕೆ ತೊಂದರೆ ಇಲ್ಲ, ಬೇಸ್ ಮಾತ್ರ ಒಂಚೂರು ಅಪಸ್ವರ. ನಾನು ಬೇಸನ್ನು ಮೊದಲ ದನಿಗೆ, ರಾಗವನ್ನು ಎರಡನೆಯದಕ್ಕೆ ಹಾಕಿ ನೋಡಿದೆ. ನನ್ನ ಕಿವಿಗೆ ಅದೇ ಚೆನ್ನ. ಪಾಪ್‌ಕಾರ್ನಿಗೆ ಗೇಟ್ ಇನ್ನೂ ಗಿಡ್ಡ ಬೇಕು. ಜೋಳ ಸಿಡಿದ ಹಾಗೆ ಸ್ವರ ಸಿಡಿಯಬೇಕು.

‘ಗೈರಸ್’ ಆಟದ ಸಂಗೀತ ಮಾಡು ಅಂತ ಒಬ್ಬರು ಕೇಳಿದರು. ಕೊನಾಮಿಯ ಆ 1983ರ ಬೋರ್ಡಿನಲ್ಲಿ ಎವೈ-3-8910 ಅನ್ನೋ ಇನ್ನೊಂದು ಬಗೆಯ ದನಿ ಚಿಪ್ ಐದು ಇವೆ, ಹದಿನೈದು ಟೋನ್. ಅಷ್ಟು ಅಸಲಿ ಚಿಪ್ ಹುಡುಕುವ ತಾಳ್ಮೆಯೂ ದುಡ್ಡೂ ಈಗಿಲ್ಲ.

ಒಟ್ಟು ಖರ್ಚು ಏಳು ಸಾವಿರದ ಆಸುಪಾಸು. ಅದರಲ್ಲಿ ಅರ್ಧ ತಪ್ಪಿಗೆ ಹೋದದ್ದು. ಸುಟ್ಟ ಎರಡು ನ್ಯಾನೊ, ಬೇಡದ ಆಸಿಲೇಟರ್, ನಕಲಿ ಚಿಪ್. ನೇರವಾಗಿ ಮಾಡಿದ್ದರೆ ಮೂರೂವರೆ ಸಾವಿರದಲ್ಲಿ ಮುಗಿಯುತ್ತಿತ್ತು. ಟೈಮರಿನ ಬಗ್ಗೆ ವಾದ ಮಾಡಿದ್ದ ಗೆಳೆಯ ಹೋದ ವಾರ ಫೋನ್ ಮಾಡಿದ್ದ. ನಾಲ್ಕು ಚಿಪ್ ತರಿಸಿದ್ದಾನಂತೆ. ಡಿ0 ಯಾವ ಕಡೆ ಮತ್ತು ಹದಿನೈದರ ಲೆಕ್ಕ, ಎರಡನ್ನೂ ಅವನಿಗೆ ಹೇಳಿಕೊಟ್ಟೆ. ಸ್ನೇರಿನ ಪಟ್ಟಿ ಕೇಳಿದ. ಮೊದಲು ನೀನು ಕುದುರೆ ಓಡಿಸು ಅಂದೆ.