ಕಾರ್ಖಾನೆಯ ತ್ಯಾಜ್ಯನೀರಿಗೆ ಕರಟದ ಇಂಗಾಲ: ಬಳಸುವುದು ಹೇಗೆ, ಅಳೆಯುವುದು ಹೇಗೆ?

ತೆಂಗಿನ ಕರಟವನ್ನೋ ಮರದ ಹೊಟ್ಟನ್ನೋ ಗಾಳಿ ಹೆಚ್ಚು ಸೋಕದಂತೆ 400ರಿಂದ 600 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟರೆ ಸಿಗುವುದು ಬರೀ ಇದ್ದಿಲು. ಆ ಇದ್ದಿಲನ್ನು 800ರಿಂದ 1,000 ಡಿಗ್ರಿ ಶಾಖದಲ್ಲಿ ಹಬೆಗೆ ಒಡ್ಡಿದಾಗ ಅದರೊಳಗೆ ಕಣ್ಣಿಗೆ ಕಾಣದ ರಂಧ್ರಗಳು ತೆರೆದುಕೊಂಡು ಸಕ್ರಿಯ ಇಂಗಾಲ ಸಿದ್ಧವಾಗುತ್ತದೆ. ಇಂಥ ಒಳ್ಳೆಯ ಇಂಗಾಲದ ಒಂದೇ ಗ್ರಾಂನಲ್ಲಿ ಸುಮಾರು 1,000 ಚದರ ಮೀಟರ್ ಒಳಮೈ ಇರುತ್ತದೆ. ಮಾಲಿನ್ಯದ ಅಣುಗಳು ಅಂಟಿಕೊಳ್ಳುವುದು ಅಲ್ಲಿಯೇ.

ಮೊದಲ ಕೆಲಸ ಆಯ್ಕೆ. ಕರಟದ ಇಂಗಾಲದ ಬಹುಪಾಲು ರಂಧ್ರಗಳು 2 ನ್ಯಾನೋಮೀಟರ್‌ಗಿಂತ ಕಿರಿದಾದ್ದರಿಂದ ಫೀನಾಲ್‌ನಂತಹ ಸಣ್ಣ ಅಣುಗಳಿಗೆ ಅದು ಹೇಳಿ ಮಾಡಿಸಿದ್ದು. ಬಣ್ಣದ ದೊಡ್ಡ ಅಣುಗಳು ಅವುಗಳೊಳಗೆ ನುಸುಳಲಾರವು, ಅದಕ್ಕೆ ಮರದ ಇಂಗಾಲವೇ ಮೇಲು. ಮಾರುವವರು ಸಾಮಾನ್ಯವಾಗಿ ಮುಂದಿಡುವ ಅಯೋಡಿನ್ ಸಂಖ್ಯೆ ಸಣ್ಣ ರಂಧ್ರಗಳ ಲೆಕ್ಕವನ್ನಷ್ಟೇ ಹೇಳುತ್ತದೆ. ಬಣ್ಣ ತೆಗೆಯಬೇಕಿದ್ದರೆ, ಅದಕ್ಕಿಂತ ದೊಡ್ಡ ರಂಧ್ರಗಳ ಸುಳಿವು ಕೊಡುವ ಮೆಥಿಲೀನ್ ಬ್ಲೂ ಸಂಖ್ಯೆಯನ್ನೂ ಕೇಳಿ ಪಡೆಯಬೇಕು.

ಎಣ್ಣೆ, ಜಿಡ್ಡು, ತೇಲುವ ಕಣಗಳನ್ನು ಮೊದಲೇ ತೆಗೆದಿರಬೇಕು, ಇಲ್ಲವಾದರೆ ರಂಧ್ರಗಳ ಬಾಯಿ ಕಟ್ಟಿಕೊಳ್ಳುತ್ತದೆ.

ಎಷ್ಟು ಇಂಗಾಲ ಬೇಕೆಂಬುದನ್ನು ಪ್ರಯೋಗಾಲಯದಲ್ಲಿ ಕಂಡುಕೊಳ್ಳಬಹುದು. ಆರು ಪಾತ್ರೆಗಳಲ್ಲಿ ತಲಾ ಒಂದು ಲೀಟರ್ ಸೋಸಿದ ತ್ಯಾಜ್ಯನೀರು ತೆಗೆದುಕೊಂಡು, ಒಂದನ್ನು ಹಾಗೆಯೇ ಬಿಟ್ಟು, ಉಳಿದವಕ್ಕೆ 0.5, 1, 2, 4, 8 ಗ್ರಾಂ ಇಂಗಾಲದ ನುಣ್ಣನೆಯ ಪುಡಿ ಹಾಕಿ, ನೀರಿನಲ್ಲಿನ ಮಾಲಿನ್ಯದ ಅಳತೆ ಇಳಿಯುವುದು ನಿಲ್ಲುವವರೆಗೆ ಕಲಕಬೇಕು. ಬಳಿಕ 0.45 ಮೈಕ್ರಾನ್ ಪೊರೆಯಲ್ಲಿ ಸೋಸಿಯೇ ಸಿಒಡಿ (ನೀರಿನಲ್ಲಿರುವ ಮಾಲಿನ್ಯವನ್ನು ರಾಸಾಯನಿಕವಾಗಿ ಉತ್ಕರ್ಷಿಸಲು ಬೇಕಾಗುವ ಆಮ್ಲಜನಕದ ಪ್ರಮಾಣ) ಅಳೆಯಬೇಕು. ಉಳಿದ ಕರಿಪುಡಿಯೂ ಇಂಗಾಲವೇ ಆದ್ದರಿಂದ ಅದು ಫಲಿತಾಂಶವನ್ನು ಕೆಡಿಸುತ್ತದೆ.

ಕಾರ್ಖಾನೆಯಲ್ಲಿ ನೀರನ್ನು ಹಾಯಿಸುವ ಗೋಪುರಕ್ಕೆ (ಎತ್ತರದ ತೊಟ್ಟಿಗೆ) ಹರಳು ಇಂಗಾಲ ತುಂಬಿದ ಮೇಲೆ ಒಂದು ದಿನ ನೀರಿನಲ್ಲಿ ನೆನೆಸಿ ಗಾಳಿ ಹೊರಹಾಕಿ, ಕೆಳಗಿನಿಂದ ಮೇಲಕ್ಕೆ ನೀರು ಹಾಯಿಸಿ ಕರಿಪುಡಿ ತೊಳೆಯಬೇಕು. ನೀರಿಗೂ ಇಂಗಾಲಕ್ಕೂ ಸಾಮಾನ್ಯವಾಗಿ 10ರಿಂದ 30 ನಿಮಿಷ ಸಂಪರ್ಕ ಸಿಗಬೇಕು: 2 ಘನ ಮೀಟರ್ ಇಂಗಾಲದ ಮೂಲಕ ಗಂಟೆಗೆ 6 ಘನ ಮೀಟರ್ ನೀರು ಹರಿದರೆ ಲೆಕ್ಕಕ್ಕೆ 20 ನಿಮಿಷ. ಒಂದೇ ಗೋಪುರಕ್ಕಿಂತ ಒಂದರ ಹಿಂದೊಂದು ಎರಡಿರುವುದು ಜಾಣತನ. ಮೊದಲನೆಯದರ ಇಂಗಾಲ ತುಂಬಿಹೋಗಿ ಸೋತಾಗ ಎರಡನೆಯದನ್ನು ಮುಂದಕ್ಕೆ ತಂದು, ಹೊಸ ಇಂಗಾಲವನ್ನು ಹಿಂದಕ್ಕೆ ಇಡಬಹುದು.

ಸೋತದ್ದು ಗೊತ್ತಾಗುವುದು ಅಳತೆಯಿಂದಲೇ ಹೊರತು ಕಣ್ಣಿನಿಂದಲ್ಲ. ಸಿಒಡಿ ಪರೀಕ್ಷೆಗೆ 150 ಡಿಗ್ರಿಯಲ್ಲಿ ಎರಡು ಗಂಟೆ ಕಾಯಿಸಬೇಕು, ಬಿಒಡಿಗೆ (ಸೂಕ್ಷ್ಮಜೀವಿಗಳು ಮಾಲಿನ್ಯವನ್ನು ಕೊಳೆಸಲು ಬಳಸುವ ಆಮ್ಲಜನಕದ ಅಳತೆಗೆ) ಹಲವು ದಿನ ಕಾಯಬೇಕು. ಆದ್ದರಿಂದ 254 ನ್ಯಾನೋಮೀಟರ್ ತರಂಗಾಂತರದಲ್ಲಿ ನೀರು ಹೀರುವ ನೇರಳಾತೀತ ಬೆಳಕನ್ನು ಅಳೆದು, ಅದನ್ನು ಅದೇ ನೀರಿನ ಸಿಒಡಿಯೊಂದಿಗೆ ಆಗಾಗ ಹೋಲಿಸಿ ನೋಡುತ್ತಿದ್ದರೆ ದಿನನಿತ್ಯದ ಸೂಚನೆ ನಿಮಿಷಗಳಲ್ಲಿ ಸಿಗುತ್ತದೆ. ಮಾದರಿಯನ್ನು ಎರಡು ಗೋಪುರಗಳ ನಡುವಿನ ನಲ್ಲಿಯಿಂದಲೂ ತೆಗೆಯಬೇಕು. ನೀರು ತಿಳಿಯಾಗಿ ಕಂಡರೂ ಕರಗಿದ ಉಪ್ಪು ಹಾಗೆಯೇ ಉಳಿದಿರುತ್ತದೆ. ಅದನ್ನು ಇಂಗಾಲ ತೆಗೆಯುವುದಿಲ್ಲ.

ಬಳಸಿದ ಇಂಗಾಲದಲ್ಲಿ ಮಾಲಿನ್ಯವೆಲ್ಲ ಸೇರಿಕೊಂಡಿರುವುದರಿಂದ ಅದನ್ನು ಬಯಲಿಗೆ ಸುರಿಯದೆ ಮರುಸಕ್ರಿಯಗೊಳಿಸಲು ಅಥವಾ ಅಪಾಯಕಾರಿ ತ್ಯಾಜ್ಯದ ವಿಲೇವಾರಿಗೆ ಕಳುಹಿಸಬೇಕು. ಒದ್ದೆ ಇಂಗಾಲವು ಮುಚ್ಚಿದ ಗೋಪುರದೊಳಗಿನ ಆಮ್ಲಜನಕವನ್ನು ಹೀರಿಕೊಳ್ಳುತ್ತದೆ. ಹಾಗಾಗಿ ಖಾಲಿ ಮಾಡಲು ಯಾರನ್ನಾದರೂ ಒಳಗೆ ಇಳಿಸುವ ಮುನ್ನ ಗಾಳಿಯಾಡಿಸಿ, ಆಮ್ಲಜನಕ ಕನಿಷ್ಠ 19.5 ಶೇಕಡ ಇರುವುದನ್ನು ಮಾಪಕದಲ್ಲಿ ಖಚಿತಪಡಿಸಿಕೊಂಡು, ಹೊರಗೊಬ್ಬರನ್ನು ಕಾವಲಿಗೆ ನಿಲ್ಲಿಸಲೇಬೇಕು.