ಉತ್ತರ 340 ಬರಲಿಲ್ಲವೇ? ಅಳಿಸಬೇಡಿ!

ಮೇ ತಿಂಗಳಲ್ಲಿ ಕಲಬುರಗಿಯ ನಮ್ಮ ಓಣಿಯ ಪಿಯು ಹುಡುಗರು ಪ್ರತಿಧ್ವನಿ ಹಿಡಿದು ಶಬ್ದದ ವೇಗ ಅಳೆದರು. ಸೆಕೆಂಡಿಗೆ 354 ಮೀಟರ್ ಬಂತು. ಪುಸ್ತಕದಲ್ಲಿ 340 ಇದೆಯಲ್ಲ ಅಂತ ರಬ್ಬರಿನಿಂದ ಉಜ್ಜಿ 340 ಬರೆದರು. ಸರಿಯಾಗಿದ್ದದ್ದನ್ನೇ ಅಳಿಸಿದರು!

ಮೊದಲು ಗೋಡೆ ಹುಡುಕಿ. ಎಲ್ಲರೂ ಕೋಟೆಗೆ ಓಡುತ್ತಾರೆ. ಬೇಡ. ಬುರುಜು ದುಂಡಗಿರುತ್ತದೆ, ಶಬ್ದ ಚದುರಿಹೋಗುತ್ತದೆ. ಒಳಗಿನ 1367ರ ಜಾಮಿ ಮಸೀದಿಗೆ ಬಯಲಂಗಳವೇ ಇಲ್ಲ, ಪೂರ್ತಿ ಮೇಲೆ ಗುಮ್ಮಟಗಳು. ಅಂಥ ಕಡೆ ಒಂದು ಶಬ್ದ ಹತ್ತು ದಿಕ್ಕಿನಿಂದ ತಿರುಗಿ ಬರುತ್ತದೆ. ನಮಗೆ ಬೇಕಾದದ್ದು ತೊಗರಿ ಗೋದಾಮಿನ ಚಪ್ಪಟೆ ಗೋಡೆ, ಎದುರಿಗೆ ಖಾಲಿ ಬಯಲು. ಪಕ್ಕದಲ್ಲಿ ದಾಲ್ ಮಿಲ್ ಇದ್ದರೆ ಕರೆಂಟ್ ಹೋಗುವವರೆಗೆ ಕಾಯಿರಿ.

ಗೋಡೆಯಿಂದ 50 ಮೀಟರ್ ಅಳೆದು ನಿಲ್ಲಿ. ಗೌಂಡಿಗಳ ಸ್ಟೀಲ್ ಟೇಪೇ ಆಗಬೇಕು. ಅಗ್ಗದ ಬಟ್ಟೆ ಟೇಪ್ ಎಳೆದಷ್ಟೂ ಉದ್ದವಾಗುತ್ತದೆ. ಇಲ್ಲಿ ಒಂದು ಮೀಟರ್ ತಪ್ಪಿದರೆ ಉತ್ತರದಲ್ಲಿ 7 ಮೀಟರ್ ಹೋಯಿತು.

ಈಗ ತಟ್ಟುವುದು. ಎಲ್ಲರೂ ಎಡವುವುದು ಇಲ್ಲೇ. ಒಂದೇ ಸಲ ತಟ್ಟಿ ಸ್ಟಾಪ್‌ವಾಚ್ ಒತ್ತಿದರೆ ಆಗದ ಮಾತು. ಶಬ್ದ ಹೋಗಿ ಬರಲು ಸೆಕೆಂಡಿನ ಕಾಲು ಭಾಗಕ್ಕಿಂತ ತುಸು ಜಾಸ್ತಿ ಸಾಕು, ನಿಮ್ಮ ಬೆರಳು ಏಳುವುದಕ್ಕೇ ಹೆಚ್ಚುಕಡಿಮೆ ಅಷ್ಟು ಹೊತ್ತು ಬೇಕು. ಅದಕ್ಕೇ ಸಾಲಾಗಿ ತಟ್ಟಬೇಕು. ಕೈಯಿಂದ ಬೇಡ, ಎರಡು ಹಲಗೆ ತುಂಡು ತಗೊಳ್ಳಿ, ಸದ್ದು ಚುರುಕಾಗಿರುತ್ತದೆ. ಜೋರಾಗಿ ತಟ್ಟಿದರೆ ಶಬ್ದ ಬೇಗ ಬರುವುದಿಲ್ಲ, ಸುಮ್ನೆ ಕೈ ನೋಯುತ್ತದೆ.

ಪ್ರತಿಧ್ವನಿ ಎರಡು ತಟ್ಟುಗಳ ಸರಿಯಾಗಿ ನಡುವೆ ಬೀಳಬೇಕು. ಟಕ್, ಟುಕ್, ಟಕ್, ಟುಕ್. ಭಜನೆಯ ತಾಳದಂತೆ ಸಮನಾಗಿ. ಟಕ್‌ಟುಕ್ ಅಂದು ಆಮೇಲೆ ಖಾಲಿ ಬಿಟ್ಟರೆ ನಿಧಾನವಾಯಿತು, ಸ್ವಲ್ಪ ಬೇಗ ತಟ್ಟಿ. ಟುಕ್ ಕೇಳಿಸುತ್ತಿದ್ದಂತೆ ನಿಮ್ಮ ಮುಂದಿನ ಟಕ್ ಬಿದ್ದರೆ ಆತುರವಾಯಿತು. ಎರಡು ನಿಮಿಷ ಗಡಿಯಾರ ಮುಟ್ಟದೆ ತಾಳ ಕೂಡಿಸಿಕೊಳ್ಳಿ. ಲಯ ಕೂತ ಮೇಲೆ ಗೆಳೆಯನೊಬ್ಬ ಗಡಿಯಾರ ಶುರು ಮಾಡಲಿ. ಶುರುವಿನ ತಟ್ಟಿಗೆ 'ಸೊನ್ನೆ' ಅನ್ನಿ, 'ಒಂದು' ಅಲ್ಲ. 'ಇಪ್ಪತ್ತು' ಅಂದಾಗ ನಿಲ್ಲಿಸಿ. ಒಂದರಿಂದ ಎಣಿಸಿದರೆ ಹತ್ತೊಂಬತ್ತೇ ಅಂತರ ಸಿಗುತ್ತದೆ, ಲೆಕ್ಕ ಕೆಟ್ಟಿತು.

ಒಂದು ತಟ್ಟಿನಿಂದ ಮುಂದಿನ ತಟ್ಟಿನೊಳಗೆ ಶಬ್ದ ಎರಡು ಸಲ ಹೋಗಿ ಬರುವಷ್ಟು ಹೊತ್ತು, ಅಂದರೆ 200 ಮೀಟರ್ ದಾರಿ. ಇಪ್ಪತ್ತಕ್ಕೆ 4000 ಮೀಟರ್. ಅದನ್ನು ಸೆಕೆಂಡುಗಳಿಂದ ಭಾಗಿಸಿ. ಐದು ಸಲ ಮಾಡಿ ಸರಾಸರಿ ತೆಗೆಯಿರಿ. ಗಾಳಿ ಬೀಸಿದರೆ ಚಿಂತೆ ಬೇಡ. ಹೋಗುವಾಗ ತಳ್ಳಿದ್ದನ್ನು ಬರುವಾಗ ತಡೆಯುತ್ತದೆ, ಬಹುಪಾಲು ಸರಿಹೋಗುತ್ತದೆ.

ಹುಡುಗರಿಗೆ ಬಂದದ್ದು 11.3 ಸೆಕೆಂಡ್, ಅಂದರೆ 354. ಅವತ್ತು ಸಂಜೆ ಐದಕ್ಕೂ ನೆರಳಲ್ಲಿ 40 ಡಿಗ್ರಿ ಇತ್ತು. ಸೊನ್ನೆ ಡಿಗ್ರಿಯಲ್ಲಿ ವೇಗ 331, ಆಮೇಲೆ ಪ್ರತಿ ಡಿಗ್ರಿಗೂ 0.6 ಏರುತ್ತದೆ. ಕೂಡಿಸಿದರೆ 355 ಆಗಲೇಬೇಕು ಅಲ್ವಾ? ಬಿಸಿ ಗಾಳಿಯ ಕಣಗಳು ಚುರುಕಾಗಿ ಓಡಾಡುತ್ತವೆ, ಅಲೆಯನ್ನು ಬೇಗ ದಾಟಿಸುತ್ತವೆ. ಪುಸ್ತಕದ 340 ಎಂಬುದು ಸುಮಾರು 15 ಡಿಗ್ರಿಯ ಲೆಕ್ಕ. ಅದೇ ಬೇಕಿದ್ದರೆ ಡಿಸೆಂಬರ್‌ನಲ್ಲಿ ಸ್ವೆಟರ್ ಹಾಕಿಕೊಂಡು ಬೆಳಗ್ಗೆ ಅದೇ ಗೋಡೆ ಮುಂದೆ ನಿಲ್ಲಿ. ಆಗ ಇಪ್ಪತ್ತು ತಟ್ಟಿಗೆ 11.8 ಸೆಕೆಂಡ್ ಹತ್ತಿರ ಹಿಡಿಯುತ್ತದೆ.