ಉಸಿರಿಗೆ ತೊಡಕಾಗದಂತೆ ಭುಜದ ನೋವು ತಗ್ಗಿಸಿದ್ದು: ನನ್ನ ಅನುಭವ

ಹುಬ್ಬಳ್ಳಿಯಲ್ಲಿ ನಾನು ನೋವು ನಿವಾರಣೆಗೆಂದು ನೋಡುವ ರೋಗಿಗಳ ಪೈಕಿ ಗದಗ ಕಡೆಯ ಹಳ್ಳಿಯ ತಾಯಿಯೊಬ್ಬರ ಸ್ತನ ಕ್ಯಾನ್ಸರ್ ಬಲ ಹೆಗಲೆಲುಬಿಗೆ ಹರಡಿತ್ತು. ನಾಲ್ಕು ತಾಸಿಗೊಮ್ಮೆ ಮಾರ್ಫಿನ್ ಗುಳಿಗೆ ನುಂಗಿದರೆ ಕುಳಿತಲ್ಲಿ ನೋವು ತಾಳುವಷ್ಟಿರುತ್ತಿತ್ತು. ಕೈ ತುಸು ಅಲುಗಿದರೆ ಮಾತ್ರ "ಬ್ಯಾನಿ ತಡಿಲಾರೆನ್ರಿ" ಎಂದು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಎಲುಬಿಗೆ ವಿಕಿರಣ ಚಿಕಿತ್ಸೆ ನಿಗದಿಯಾಗಿದ್ದರೂ ಅದರ ಮೇಜಿನ ಮೇಲೆ ಕೈ ಅಲುಗಿಸದೆ ಮಲಗುವುದು ಅವರಿಂದ ಆಗಿರಲಿಲ್ಲ.

ಭುಜಕ್ಕೆಂದರೆ, ನರಗಳ ಬಳಿ ಮದ್ದು ಚುಚ್ಚಿ ಮರಗಟ್ಟಿಸುವ ಇಂಟರ್‌ಸ್ಕೇಲೀನ್ ಬ್ಲಾಕ್ ಕೊಡುವುದು ಅರಿವಳಿಕೆ ವೈದ್ಯರಾದ ನಮಗೆ ಕೈರೂಢಿ. ಆದರೆ ಕುತ್ತಿಗೆಯಲ್ಲಿ ಕೊಟ್ಟ ಆ ಔಷಧಿ ಸಾಮಾನ್ಯವಾಗಿ ಫ್ರೆನಿಕ್ ನರಕ್ಕೂ ಹರಿದು, ಅದು ನಡೆಸುವ ಉಸಿರಾಟದ ಸ್ನಾಯುವಾದ ವಪೆಯನ್ನು ಆ ಬದಿಯಲ್ಲಿ ಕೆಲವು ತಾಸು ನಿಲ್ಲಿಸಿಬಿಡುತ್ತದೆ; ಇವರಂತೆ ಎಡ ಎದೆಯಲ್ಲಿ ನೀರು ತುಂಬಿ ಬಲ ಶ್ವಾಸಕೋಶವನ್ನೇ ನೆಚ್ಚಿಕೊಂಡವರಿಗೆ ಅದು ಸಲ್ಲದು. ಹೀಗಾಗಿ ಭುಜದ ಕೀಲಿನ ಸುಮಾರು 70 ಪ್ರತಿಶತ ಸಂವೇದನೆಯನ್ನು ಹೊರುವ ಸುಪ್ರಾಸ್ಕ್ಯಾಪುಲರ್ ನರವನ್ನೂ, ಜೊತೆಗೆ ಆಕ್ಸಿಲರಿ ನರವನ್ನೂ ಆರಿಸಿಕೊಂಡೆ.

ನೋಯುವ ಕೈಯನ್ನು ಎದುರು ಭುಜದ ಮೇಲಿರಿಸಿ ಕೂರಿಸಬೇಕೆಂಬುದು ಪಾಠ. ಇವರಿಗೆ ಅದೇ ಅಸಾಧ್ಯವಾದ್ದರಿಂದ ತೊಡೆಯ ಮೇಲೆ ದಿಂಬಿಟ್ಟು ಕೈಯನ್ನು ಅದರ ಮೇಲೆ ಮಲಗಿಸಿದೆ. ಅಲ್ಟ್ರಾಸೌಂಡ್ ಯಂತ್ರದ ಲೀನಿಯರ್ ಪ್ರೋಬನ್ನು ಹೆಗಲೆಲುಬಿನ ಹಿಂಬದಿಯ ಉಬ್ಬುಗೆರೆಗೆ ಸಮಾಂತರವಾಗಿ ಹಿಡಿದು ತುಸು ಮುಂದಕ್ಕೆ ಓಲಿಸಿದಾಗ, ಮೇಲೆ ಟ್ರಪೀಜಿಯಸ್ ಸ್ನಾಯು, ಕೆಳಗೆ ಸುಪ್ರಾಸ್ಪಿನೇಟಸ್ ಸ್ನಾಯು, ಅದರಡಿಯಲ್ಲಿ ಎಲುಬಿನ ಬಿಳಿ ಗೆರೆ, ಗೆರೆಯ ಪಕ್ಕದಲ್ಲಿ ಮಿಡಿಯುವ ಪುಟ್ಟ ರಕ್ತನಾಳ ಕಂಡವು. ಮೊದಲ 2 ಮಿಲಿಲೀಟರ್ ಹಾಕಿದಾಗಲೇ ತಪ್ಪಿದ್ದು ಗೊತ್ತಾಯಿತು: ಎಲುಬಿನಿಂದ ಸ್ನಾಯು ಮೇಲೇಳಬೇಕಿತ್ತು, ಬದಲಿಗೆ ಸ್ನಾಯುವೇ ಒಳಗಿನಿಂದ ಉಬ್ಬಿತು. ಸ್ನಾಯುವಿನೊಳಗಿನ ಒಂದು ಪದರವನ್ನೇ ನಾನು ಅದರ ತಳವೆಂದು ಭ್ರಮಿಸಿದ್ದೆ. ಸೂಜಿಯನ್ನು ಇನ್ನಷ್ಟು ಒಳಕ್ಕೆ, ಎಲುಬು ತಾಗುವವರೆಗೆ ನಡೆಸಿ, ಮರಗಟ್ಟಿಸುವ ಮದ್ದಾದ 0.25 ಪ್ರತಿಶತ ಬ್ಯುಪಿವಕೇನ್ 8 ಮಿಲಿಲೀಟರನ್ನು 4 ಮಿಲಿಗ್ರಾಂ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಬೆರೆಸಿ, ನಡುನಡುವೆ ಹಿಂದೆಳೆದು ರಕ್ತ ಬಾರದ್ದನ್ನು ಖಚಿತಪಡಿಸಿಕೊಳ್ಳುತ್ತ ಹಾಕಿದೆ. ತೋಳಿನ ಹಿಂಬದಿಯಿಂದ ಆಕ್ಸಿಲರಿ ನರಕ್ಕೆ 6 ಮಿಲಿಲೀಟರ್ ಕೊಡುವಾಗ ತೊಡಕೇನೂ ಬರಲಿಲ್ಲ.

ಇಪ್ಪತ್ತು ನಿಮಿಷಕ್ಕೆ ತೋಳು ಭಾರವಾಗಿ ನೋವು ಇಳಿಯಿತು, ಉಸಿರಾಟ ಮೊದಲಿನಂತೆಯೇ ಇತ್ತು, ಅಂದೇ ಮಧ್ಯಾಹ್ನ ವಿಕಿರಣ ಚಿಕಿತ್ಸೆಯೂ ಮುಗಿಯಿತು. ವಿಕಿರಣದ ಫಲ ಕಾಣಲು ಕೆಲವು ವಾರ ಬೇಕಾಗುತ್ತದೆ. ಮರುದಿನ ನೋವು ತುಸು ಮರಳಿದ್ದರಿಂದ ಮುಂದಿನ ವಾರ ಬ್ಲಾಕನ್ನು ಇನ್ನೊಮ್ಮೆ ಕೊಡಬೇಕಾಯಿತು.

ಆ ಸಲ ಅವರು ಕೇಳಿದ್ದು ಒಂದೇ: "ಇನ್ನ ರೊಟ್ಟಿ ಬಡೀಬಹುದೇನ್ರಿ?" ನೋವಿಲ್ಲದ ಕೈಯ ಎಲುಬು ಗಟ್ಟಿಯಾಗಿದೆಯೆಂದು ಅರ್ಥವಲ್ಲ, ಅದು ಯಾವಾಗ ಬೇಕಾದರೂ ಮುರಿಯಬಹುದು ಎಂದು ಸೊಸೆಗೂ ಕೇಳುವಂತೆ ಹೇಳಿ, ತೋಳಿಗೆ ಜೋಳಿಗೆ ಕಟ್ಟಿ ಕಳುಹಿಸಿದೆ.